ಲೈನ್‌ಮನ್ ಮಾಮ ಕಲಿಸಿದ ಆಟ

ಲೈನ್‌ಮನ್ ಮಾಮನ ಬಲಗೈಯಲ್ಲಿ ತೋರುಬೆರಳೂ ನಡುಬೆರಳೂ ಇರಲಿಲ್ಲ. ಮೊಬೈಲನ್ನು ಎಡ ಅಂಗೈಯಲ್ಲಿ ಮಲಗಿಸಿಕೊಂಡು, ಬಲಗೈಯ ಉಂಗುರಬೆರಳಿನ ತುದಿಯಿಂದ ಪರದೆಯನ್ನು ಒತ್ತುತ್ತಿದ್ದರು. ಒಮ್ಮೆ ಒತ್ತುವುದು, ಬೆರಳೆತ್ತುವುದು, ಒತ್ತಿದ್ದು ಸರಿಯಾದ ಜಾಗಕ್ಕೆ ಬಿತ್ತೋ ಇಲ್ಲವೋ ಎಂದು ಕನ್ನಡಕ ಮೇಲೇರಿಸಿ ನೋಡುವುದು, ಆಮೇಲೆ ಇನ್ನೊಮ್ಮೆ. ನಾವು ಹತ್ತು ಸೈನಿಕರನ್ನು ಓಡಿಸುವಷ್ಟರಲ್ಲಿ ಅವರ ಒಬ್ಬ ಸೈನಿಕ ಕೋಟೆಯ ಬಾಗಿಲು ದಾಟಿರುತ್ತಿದ್ದ. ಇಷ್ಟು ನಿಧಾನದ ಮನುಷ್ಯ ನನಗೆ ಯುದ್ಧದ ಆಟ ಕಲಿಸಿದರು ಎಂದರೆ ಜನ ನಗುತ್ತಾರೆ. ನಗಲಿ ಬಿಡಿ, ನಕ್ಕವರಲ್ಲಿ ಅರ್ಧ ಜನ ನನ್ನೆದುರು ಸೋತವರೇ.

ಅವರು ನಮ್ಮ ರಕ್ತಸಂಬಂಧಿಯಲ್ಲ. ಕೊಟ್ಟೂರಿನಲ್ಲಿ ನಮ್ಮ ಹಿಟ್ಟಿನ ಗಿರಣಿ ಇರುವ ಓಣಿಯ ಹಿಂದಿನ ಕೇರಿಯವರು. ಮನೆಯ ನಡುಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ಖಾಕಿ ಅಂಗಿ ತೊಟ್ಟು ಕಂಬಕ್ಕೆ ಒರಗಿ ನಿಂತ ಅವರದೇ ಹಳೆಯ ಫೋಟೊ. ಓಣಿಯೆಲ್ಲ ಅವರನ್ನು ‘ಲೈನ್‌ಮನ್’ ಎನ್ನುತ್ತಿತ್ತು. ನಾನು ಮಾತು ಕಲಿತಾಗಲೇ ಅದಕ್ಕೊಂದು ಮಾಮ ಸೇರಿಸಿಕೊಂಡೆನಂತೆ.

ಬೆರಳು ಹೋದ ಕಥೆಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಕಂಬ ಹತ್ತುವ ಮೊದಲು ಲೈನ್‌ಮನ್ ಆದವನು ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತೆಗೆದುಕೊಳ್ಳಬೇಕು. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಆ ತಂತಿಯ ಕರೆಂಟ್ ತೆಗೆಸಿ ತನ್ನ ಹೆಸರಿನಲ್ಲಿ ಬರೆಸುವುದು. ಕೆಲಸ ಮುಗಿಸಿ ಇಳಿದ ಮೇಲೆ ತೆಗೆದುಕೊಂಡವನೇ ಅದನ್ನು ವಾಪಸ್ ಕೊಡಬೇಕು. ಅವನ ಪರವಾಗಿ ಇನ್ನೊಬ್ಬ ಹೇಳಿದರೆ ನಡೆಯುವುದಿಲ್ಲ. ಮಾಮ ಕೆಲಸಕ್ಕೆ ಸೇರಿದ ಹೊಸತರಲ್ಲಿ ದೂರದ ಯಾವುದೋ ಊರಿನಲ್ಲಿ ಯಾರೋ ಒಬ್ಬ ‘ಇಳದಾನ ಇಳದಾನ, ಬಿಡ್ರಿ’ ಅಂದುಬಿಟ್ಟ. ಮಾಮ ಇಳಿದಿರಲಿಲ್ಲ.

“ಜೀವ ಕೇಳಾಕ ಬಂದಿತ್ತವ್ವ, ಎರಡು ಬೆರಳಿಗೆ ಸುಮ್ಮನಾಗಿ ಹೋತು” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕೈಗೆ ಪೆಟ್ಟಾದ ಮೇಲೆ ಅವರು ಕಂಬ ಬಿಟ್ಟು ಸಬ್‌ಸ್ಟೇಷನ್ನಿನಲ್ಲಿ ಕೂತರು, ನಿವೃತ್ತಿಯವರೆಗೂ ಅಲ್ಲೇ ಇದ್ದರು.

ಅವರು ಅಲ್ಲಿ ಹೇಗಿದ್ದರು ಎನ್ನುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಹಬ್ಬದ ಹಿಂದಿನ ದಿನ, ಗಿರಣಿ ಮುಂದೆ ಜೋಳದ ಡಬ್ಬಿಗಳ ಸಾಲು ಬೀದಿ ತಿರುವಿನವರೆಗೆ, ಕರೆಂಟ್ ಇಲ್ಲ. ಹೆಂಗಸರ ಬಾಯಿ ತಡೆಯಲಾರದೆ ಅಪ್ಪ ನನ್ನನ್ನು ಬೈಕಿನ ಮುಂದೆ ಕೂರಿಸಿಕೊಂಡು ಸಬ್‌ಸ್ಟೇಷನ್ನಿಗೆ ಹೋದ.

“ಕೆಲಸ ಮುಗದೈತ್ರಿ ಲೈನ್‌ಮನ್ನೋರ, ಬರೋ ದಾರ‍್ಯಾಗ ನಾನ ನೋಡೀನಿ. ನಿಮ್ಮ ಮನಿಷಾ ಕೆಳಗ ಇಳದು ಬೀಡಿ ಸೇದಾಕ ಹತ್ಯಾನ. ಬಿಡ್ರಿ ಕರೆಂಟು.”

“ಅವನ ಹೇಳ್ಲಿ ಸಾಹುಕಾರ್ರ, ಬಿಡ್ತೀನಿ.”

“ಅಂದ್ರ ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನು?”

“ನಂಬಿಕಿ ಐತ್ರಿ. ಆದ್ರ ಎಲ್‌ಸಿ ನೀವು ತಗೊಂಡಿಲ್ಲಲ್ರಿ.”

ಅಪ್ಪ ಕೆಂಡಾಮಂಡಲವಾದ. ಇವನೇನು ದೊಡ್ಡ ಲಾಟಸಾಹೇಬನಾ ಎಂದು ಬೈದುಕೊಳ್ಳುತ್ತಾ ಬೈಕ್ ತಿರುಗಿಸಿದ. ಬರುವಾಗ ನೋಡಿದರೆ, ಬೀಡಿ ಸೇದುತ್ತಿದ್ದ ಆಸಾಮಿ ಮುಂದಿನ ಕಂಬದ ತುದಿಯಲ್ಲಿ ಎರಡೂ ಕೈಯಿಂದ ತಂತಿ ಹಿಡಿದುಕೊಂಡಿದ್ದಾನೆ. ಅಪ್ಪನ ಬೈಗುಳ ಅಲ್ಲಿಗೇ ನಿಂತಿತು. ಬೈಕ್ ನಿಲ್ಲಿಸಿ ಆ ಮನುಷ್ಯ ಇಳಿಯುವ ತನಕ ನೋಡುತ್ತಾ ನಿಂತ. ಆದರೆ ಲೈನ್‌ಮನ್ ಹೇಳಿದ್ದು ಸರಿ ಎಂದು ಆವತ್ತು ಒಪ್ಪಿಕೊಳ್ಳಲಿಲ್ಲ. ಒಪ್ಪಿಕೊಳ್ಳುವುದು ನಮ್ಮ ಮನೆತನದಲ್ಲಿಯೇ ಕಮ್ಮಿ.

ನಿವೃತ್ತಿಯಾದ ಮೇಲೆ ಮಾಮ ದಿನಾ ಸಂಜೆ ನಮ್ಮ ಗಿರಣಿ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಬಂದು ಕೂರತೊಡಗಿದರು. ನಾನು ಆಗ ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಮೊಬೈಲಿನಲ್ಲಿ ಕೋಟೆ ಆಟ ಆಡುತ್ತಿದ್ದೆ. ಆಟಕ್ಕೆ ಬೇರೆ ಹೆಸರೇನೋ ಇದೆ, ನಮ್ಮ ಕಡೆ ಎಲ್ಲರೂ ಕರೆಯುವುದು ಹಾಗೆಯೇ. ಎರಡು ಕಡೆ ಎರಡು ಕೋಟೆ, ಒಂದೊಂದು ಕಡೆಗೆ ಮೂವರು ಆಟಗಾರರು, ಒಬ್ಬೊಬ್ಬರೇ ಇದ್ದರೂ ಆಗುತ್ತದೆ, ಪ್ರತಿಯೊಬ್ಬರಿಗೂ ಒಂದೊಂದು ಸೈನ್ಯ. ಕಣಜಕ್ಕೆ ಕಾಳು ತರಿಸಬೇಕು, ಗೋಡೆ ಕಟ್ಟಬೇಕು, ಎದುರಿನವರ ಕೋಟೆ ಕೆಡವಬೇಕು. ಎಲ್ಲರೂ ಅವರವರ ಊರಿನಲ್ಲಿ ಕೂತೇ ಇಂಟರ್‌ನೆಟ್ಟಿನಲ್ಲಿ ಆಡುವುದು.

ಒಂದು ಸಂಜೆ ಮಾಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, “ಏನವ್ವ ಇದು, ನಮ್ಮ ಲೈನಿನ ನಕ್ಷಿ ಇದ್ದಂಗ ಐತಿ” ಎಂದರು. ನಾನು ಮೂಗು ಮುರಿದೆ. ಮಾಮ ಬಿಡದೆ ಪರದೆಯ ಮೇಲಿನ ಸಣ್ಣ ದಾರಿಯೊಂದನ್ನು ತೋರಿಸಿ, “ಕಾಳಿನ ಬಂಡಿ ಎಲ್ಲಾ ಇದೊಂದ ದಾರ‍್ಯಾಗ ಬರ‍್ತಾವು. ಇಲ್ಲಿ ನಾಕು ಮಂದಿ ನಿಂತ್ರ ಅವರ ಊರಿಗೂರ ಉಪಾಸ. ನೀ ಯಾಕ ಗ್ವಾಡಿಗೆ ತಲಿ ಹೊಡಕೊಳ್ಳಾಕ ಹತ್ತೀದಿ?” ಎಂದರು. ನಾಲ್ಕು ಸೈನಿಕರನ್ನು ಅಲ್ಲಿ ನಿಲ್ಲಿಸಿದೆ. ಹದಿನೈದು ನಿಮಿಷದಲ್ಲಿ ಎದುರಿನ ಕೋಟೆ ಬಿತ್ತು. ಮೂಗು ಮುರಿದದ್ದಕ್ಕೆ ನಾಚಿಕೆಯಾಗಿ ಮಾಮನಿಗೆ ಒಳಗಿಂದ ಚಹಾ ತಂದುಕೊಟ್ಟೆ.

ಅವತ್ತಿನಿಂದ ಅವರು ನನ್ನ ಗುರು. ‘ಮದ್ಲು ದಾರಿ ನೋಡು, ಆಮ್ಯಾಲ ಕೋಟಿ ನೋಡು’ ಎನ್ನುವುದು ಅವರ ಮೊದಲ ಪಾಠ. ಅವರ ಲೆಕ್ಕಾಚಾರ, ನನ್ನ ಬೆರಳಿನ ವೇಗ ಎರಡೂ ಕೂಡಿ, ಒಂದು ವರ್ಷದಲ್ಲಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯ ಹುಡುಗ ಹುಡುಗಿಯರಿಗೂ ನನ್ನ ತಂಡವೆಂದರೆ ಒಂದು ಸಣ್ಣ ನಡುಕ. ಈ ಮಾತನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಮಾಮನೂ ಒಂದು ಫೋನು ಕೊಂಡು ತಾವೇ ಆಡಲು ಶುರುಮಾಡಿದರು. ಆಟ ಶುರುವಾಗುವ ಮೊದಲು ಎದುರಾಳಿಗೆ ‘ನಮಸ್ಕಾರ್ರಿ’ ಎಂದು ಬರೆಯುತ್ತಿದ್ದರು. ಸೋಲಲಿ ಗೆಲ್ಲಲಿ, ಮುಗಿದ ಮೇಲೆ ‘ಚಲೋ ಆಡಿದ್ರಿ’. ಯಾವುದೋ ರಾಜ್ಯದ ಒಬ್ಬ ಒಮ್ಮೆ ಹಿಂದಿಯಲ್ಲಿ ಅವರ ವಂಶವನ್ನೆಲ್ಲ ಜಾಲಾಡಿ ಬಿಟ್ಟ. ಏನು ಬರೆದಾನ ಎಂದು ಮಾಮ ನನ್ನನ್ನು ಕೇಳಿದರು. ನಾನು ತಡವರಿಸಿ, ನಿಮ್ಮ ಆಟ ಭಾಳ ಮೆಚ್ಚಿಕೊಂಡಾನ ಎಂದೆ. ಮಾಮ ನನ್ನ ಮುಖ ನೋಡಿ, “ಹೌದೌದು, ಮೆಚ್ಚಿಗಿ ನಿನ್ನ ಮಾರಿ ಮ್ಯಾಲ ಕಾಣಾಕ ಹತ್ತೈತಿ” ಎಂದು, ಅವನಿಗೂ ‘ಚಲೋ ಆಡಿದ್ರಿ’ ಎಂದೇ ಬರೆದರು.

ಆದರೆ ಅವರ ಒಂದು ಪದ್ಧತಿ ನನಗೆ ತಲೆಚಿಟ್ಟು ಹಿಡಿಸುತ್ತಿತ್ತು. ನಮ್ಮ ಕಡೆ ಕರೆಂಟು ಹೋದರೆ ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ಆಟದ ನಡುವೆ ಯಾರದಾದರೂ ನೆಟ್‌ವರ್ಕ್ ಹೋದರೆ ಅವರ ಸೈನ್ಯ ನಿಂತಲ್ಲೇ ನಿಂತುಬಿಡುತ್ತದೆ. ಹೊಡೆದರೆ ತಿರುಗಿ ಹೊಡೆಯುವುದಿಲ್ಲ. ಆಟದ ನಿಯಮದ ಪ್ರಕಾರ ನಾವು ಹೊಡೆಯಬಹುದು, ಗೆಲ್ಲಬಹುದು. ಎಲ್ಲರೂ ಹಾಗೆಯೇ ಗೆಲ್ಲುತ್ತಿದ್ದರು. ಮಾಮ ಮಾತ್ರ ಎದುರಿನವರು ನಿಂತ ಕೂಡಲೇ ಫೋನನ್ನು ತೊಡೆಯ ಮೇಲಿಟ್ಟು ಕೈಕಟ್ಟಿ ಕೂರುತ್ತಿದ್ದರು. ಆಕಡೆಯವರು ತಾವೇ ‘ಬಂದೆ’ ಎಂದು ಬರೆಯಬೇಕು, ಆಮೇಲೆಯೇ ಇವರು ಬೆರಳೆತ್ತುವುದು.

“ಹೊಡೀರಿ ಮಾಮ, ಹೊಡೀರಿ! ಸಿಕ್ಕಾನ!” ಎಂದು ನಾನು ಕುಣಿಯುತ್ತಿದ್ದೆ.

“ಅಂವ ಎಲ್ಲಿ ಅದಾನ? ಇಲ್ಲದವನ್ನ ಏನು ಹೊಡೀಲಿ? ಬರ‍್ಲಿ ತಡಿ.”

ಹೀಗೆ ಕಾಯುತ್ತಾ ಸಮಯ ಮುಗಿದು ಎಷ್ಟೋ ಆಟಗಳು ಅವರ ಕೈತಪ್ಪಿದವು. ನಾನು ಮನಸ್ಸಿನಲ್ಲೇ, ಮುದುಕಪ್ಪನಿಗೆ ಅರಳು ಮರಳು ಅಂದುಕೊಂಡಿದ್ದೇನೆ. ಈಗ ಹೇಳಿಕೊಳ್ಳಲು ಸಂಕಟವಾಗುತ್ತದೆ, ಆದರೆ ಅಂದುಕೊಂಡದ್ದು ನಿಜ.

ಅದೇ ವರ್ಷ ಒಂದು ಯುವಕ ಸಂಘದವರು ಜಿಲ್ಲಾ ಮಟ್ಟದ ಕೋಟೆ ಆಟದ ಪಂದ್ಯಾವಳಿ ಇಟ್ಟರು. ಗೆದ್ದ ಒಂದೇ ತಂಡ ರಾಜ್ಯಮಟ್ಟಕ್ಕೆ ಹೋಗುವುದು. ನಾನು, ಕಾಲೇಜಿನ ಇಬ್ಬರು ಗೆಳತಿಯರು ಹೆಸರು ಕೊಟ್ಟೆವು. ಮನೆಯಲ್ಲಿ ಆಗಲೇ ನನ್ನ ಮೊಬೈಲ್ ಹುಚ್ಚಿಗೆ ರಾಮಾಯಣ ನಡೆದಿತ್ತು. ಅಪ್ಪ ಗಿರಣಿಯ ಬಾಗಿಲಲ್ಲಿ ನಿಂತು, ಮೈಯೆಲ್ಲ ಹಿಟ್ಟು, ತೀರ್ಪು ಕೊಟ್ಟ.

“ಇದೊಂದು ಸಲ ಆಡು. ಗೆದ್ರ ನಾನು ಬಾಯಿ ತಗಿಯಂಗಿಲ್ಲ, ಎಷ್ಟರ ಆಡಿಕೋ. ಸೋತ್ರ ಫೋನು ನನ್ನ ಕೈಯಾಗ ಇಟ್ಟು ಪುಸ್ತಕ ಹಿಡೀಬೇಕು. ಆಟದ ಮಾತು ಈ ಮನ್ಯಾಗ ಮತ್ತ ಕೇಳಬಾರದು.”

ಹೂಂ ಅಂದೆ. ಅಪ್ಪ ಆಡಿದ ಮಾತು ತಪ್ಪುವ ಪೈಕಿ ಅಲ್ಲ, ಅದು ನನಗೆ ಗೊತ್ತಿತ್ತು. ನನಗೆ ಜಗತ್ತಿನಲ್ಲಿ ಚೆನ್ನಾಗಿ ಬರುತ್ತಿದ್ದುದು ಅದೊಂದೇ. ಸೋತರೆ ಅದೂ ಇಲ್ಲ.

ಫೈನಲ್ಲಿನಲ್ಲಿ ನಮಗೆ ಎದುರಾದದ್ದು ಹಿರೇಹಡಗಲಿಯ ತಂಡ. ಅದರ ನಾಯಕಿ ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು, ಕುರಿ ಸಾಕುವ ಮನೆಯ ಹುಡುಗಿ. ಉಳಿದಿಬ್ಬರೂ ಅವಳ ಮನೆಯ ಅಟ್ಟದ ಮೇಲೆ ಅವಳ ಜೊತೆಗೇ ಕೂತು ಆಡುತ್ತಿದ್ದರಂತೆ. ಮಧ್ಯಾಹ್ನ ಮೂರು ಗಂಟೆಗೆ ಆಟ. ನಾನು ಗಿರಣಿ ಪಕ್ಕದ ಕೋಣೆಯಲ್ಲಿ, ಬಾಗಿಲ ಹೊರಗಿನ ಕಟ್ಟೆಯ ಮೇಲೆ ತಮ್ಮ ಫೋನಿನಲ್ಲಿ ನಮ್ಮ ಆಟ ನೋಡುತ್ತಾ ಮಾಮ. ಆ ಹುಡುಗಿ ಮಾಮನ ಪಾಠವನ್ನೇ ಕಲಿತವಳ ಹಾಗೆ ಆಡುತ್ತಿದ್ದಳು. ನನ್ನ ಕಾಳಿನ ದಾರಿಗಳನ್ನು ಒಂದೊಂದಾಗಿ ಕಟ್ಟಿಹಾಕಿದ್ದಳು. ಇನ್ನು ಹತ್ತು ನಿಮಿಷ ಹಾಗೇ ನಡೆದಿದ್ದರೆ ನನ್ನ ಕೋಟೆ ಉಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಸೈನ್ಯ ನಿಂತಿತು. ಅವಳ ಜೊತೆಯವರದೂ ನಿಂತಿತು. ಮೂರೂ ಸೈನ್ಯ ಬಯಲಿನಲ್ಲಿ ಅಲುಗಾಡದೆ ನಿಂತಿವೆ.

“ನೆಟ್‌ವರ್ಕ್ ಹೋಗೈತಿ ಅವರದು. ನಿಲ್ಲಸವ್ವ” ಎಂದರು ಮಾಮ ಬಾಗಿಲಿನಿಂದ.

ನಾನು ಕೇಳಿಸಿಕೊಂಡೆ. ಕೇಳಿಸಲಿಲ್ಲ ಎಂದು ಆಮೇಲೆ ಗೆಳತಿಯರಿಗೆ ಹೇಳಿದ್ದುಂಟು, ಅದು ಸುಳ್ಳು.

“ನಿಲ್ಲಸು ಅಂದ್ನಿ.”

“ನಿಯಮದಾಗ ಇಲ್ಲ ಮಾಮ!” ಎಂದು ಕಿರುಚಿ ಇಡೀ ಸೈನ್ಯವನ್ನು ನುಗ್ಗಿಸಿದೆ. ಆರು ನಿಮಿಷದಲ್ಲಿ ಅವರ ಕೋಟೆ ಮಣ್ಣಾಯಿತು. ಗೆಳತಿಯರು ಫೋನಿನಲ್ಲಿ ಕೇಕೆ ಹಾಕಿದರು. ನಾನು ಎದ್ದು ಹೊರಗೆ ಬಂದೆ, ಕಟ್ಟೆ ಖಾಲಿ ಇತ್ತು.

ಅಪ್ಪ ಓಣಿಗೆಲ್ಲ ಪೇಡೆ ಹಂಚಿದ. ನನ್ನ ಮಗಳು ಜಿಲ್ಲಾಕ್ಕ ಫಸ್ಟು ಎಂದು, ಹಿಟ್ಟು ಬೀಸಿಸಲು ಬಂದವರಿಗೆಲ್ಲ ಹೇಳಿದ. ನನ್ನ ಪಾಲಿನ ಪೇಡೆಯನ್ನು ಡಬ್ಬಿಗೇ ವಾಪಸ್ ಇಟ್ಟೆ. ಎರಡು ಸಂಜೆ ಮಾಮ ಕಟ್ಟೆಗೆ ಬರಲಿಲ್ಲ. ಮೂರನೆಯ ದಿನ ನಾನೇ ಅವರ ಮನೆಗೆ ಹೋದೆ. ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾನೂ ಕೂತು ಸುಲಿಯತೊಡಗಿದೆ.

ಬುಟ್ಟಿ ಅರ್ಧ ತುಂಬಿದ ಮೇಲೆ ಅವರೇ ಮಾತಾಡಿದರು. “ಹಡಗಲಿ ಕಡೆ ನಮ್ಮ ಹಳೇ ದೋಸ್ತ್ ಒಬ್ಬಾಂವ ಅದಾನ. ಫೋನ್ ಹಚ್ಚಿ ಕೇಳಿದ್ನಿ. ಅವತ್ತು ಗಾಳಿಗೆ ತಂತಿ ಹರದಿತ್ತಂತ. ಮೂರೂವರಿಗೆ ಎಲ್‌ಸಿ ತಗೊಂಡು ಐದಕ್ಕ ವಾಪಸ್ ಕೊಟ್ಟಾರ.”

“ನನಗೇನು ಗೊತ್ತಿತ್ತು ಮಾಮ…”

“ಗೊತ್ತಿಲ್ಲದಾಗ ಅಲ್ಲೇನವ್ವ ನಿಲ್ಲಸಬೇಕಾದ್ದು? ಗೊತ್ತಿದ್ರ ಎಲ್ಲಾರೂ ನಿಲ್ಲಸ್ತಾರ.” ಅವರೆಕಾಳನ್ನು ಬುಟ್ಟಿಗೆ ಹಾಕಿ ನನ್ನ ಕಡೆ ನೋಡಿದರು. ಸಿಟ್ಟು ಇರಲಿಲ್ಲ, ಅದೇ ಕಷ್ಟವಾಗಿತ್ತು. “ಕಂಬದ ಮ್ಯಾಲ ಇದ್ದಾಕಿಗೆ ಕರೆಂಟು ಬಿಟ್ಟಿ ನೋಡು ನೀನು.”

ಅವರ ಬಾಯಲ್ಲಿ ಆ ಮಾತಿಗೆ ಎಷ್ಟು ತೂಕ ಎನ್ನುವುದು ನನಗೆ ಗೊತ್ತಿತ್ತು. ನಾನು ಅಲ್ಲೇ ಅಂಗಳದಲ್ಲಿ ಕೂತು ಗೊಳೋ ಎಂದು ಅತ್ತುಬಿಟ್ಟೆ. ಅತ್ತಿ, ಅಂದರೆ ಮಾಮನ ಹೆಂಡತಿ, ಒಳಗಿನಿಂದ ಓಡಿ ಬಂದು, ಹುಡುಗಿಗೆ ಏನಂದ್ರಿ ಎಂದು ಅವರಿಗೇ ಬೈದಳು.

ಅವತ್ತೇ ಸಂಜೆ ಸಂಘದವರಿಗೆ ಬರೆದೆ: ಎದುರಿನ ತಂಡ ಇಲ್ಲದಾಗ ನಾನು ಕೋಟೆ ಹೊಡೆದಿದ್ದೇನೆ, ಈ ಗೆಲುವು ನನಗೆ ಬೇಡ, ಫೈನಲ್ ಮತ್ತೊಮ್ಮೆ ಆಡಿಸಿ. ಅವರು ಫೋನ್ ಮಾಡಿ, ನಿಯಮದ ಪ್ರಕಾರ ನೀವೇ ಗೆದ್ದಿದ್ದೀರಿ ಮೇಡಂ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ ಎಂದರು. ನಾನು ಪಟ್ಟು ಬಿಡಲಿಲ್ಲ, ಕೊನೆಗೆ ಅವರೇ ಒಪ್ಪಿದರು. ಗೆಳತಿಯರಲ್ಲಿ ಒಬ್ಬಳು ನಿನಗೆ ತಲೆ ಕೆಟ್ಟಿದೆ ಎಂದು ತಿಂಗಳುಗಟ್ಟಲೆ ಮಾತು ಬಿಟ್ಟಳು. ಆದರೂ ಆಟಕ್ಕೆ ಬಂದಳು, ಅದು ಅವಳ ದೊಡ್ಡಗುಣ.

ಮರು ಆಟ ಮುಕ್ಕಾಲು ಗಂಟೆ ನಡೆಯಿತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಆಡಿದ್ದಿಲ್ಲ. ಕೊನೆಗೆ ಎರಡೂ ಕೋಟೆಗಳ ಗೋಡೆ ಬಿದ್ದು, ಆಟದ ಸಮಯ ಮುಗಿದಾಗ ಅವಳ ಕಡೆ ಹನ್ನೊಂದು ಸೈನಿಕರು ಉಳಿದಿದ್ದರು, ನನ್ನ ಕಡೆ ಏಳು. ಸೋತೆ. ‘ಚಲೋ ಆಡಿದ್ರಿ’ ಎಂದು ಬರೆಯುವಾಗ ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ.

ಈ ಸಲ ನಾನು ಕಟ್ಟೆಯ ಮೇಲೆ, ಮಾಮನ ಪಕ್ಕದಲ್ಲೇ ಕೂತು ಆಡಿದ್ದೆ. ಮಾಮ, “ಭೇಷ್ ಆಡಿದಿ. ಅಕಿ ನಿನಕಿಂತ ಒಂದು ಗುಂಜಿ ಜಾಸ್ತಿ ಆಡಿದ್ಳು. ನಡಿ, ಮಾರಿ ತೊಳಕೋ” ಎಂದರು. ಅಪ್ಪನಿಗೆ ನಡೆದದ್ದೆಲ್ಲ ನೀವೇ ಹೇಳ್ರಿ ಮಾಮ ಎಂದು ಅಂಗಲಾಚಿದೆ. ಅದಕ್ಕೆ ಒಪ್ಪಲಿಲ್ಲ. “ನಿನ್ನ ಮಾತು ನೀನ ಹೇಳಬೇಕು. ನಿನ್ನ ಪರವಾಗಿ ನಾನು ಹೇಳಂಗಿಲ್ಲ.”

ನಾನು ಹೇಳಲಿಲ್ಲ. ಪೇಡೆ ಹಂಚಿದ ಮನುಷ್ಯನ ಮುಂದೆ ಆ ಮಾತಾಡಲು ಬಾಯೇ ಬರಲಿಲ್ಲ. ‘ಮತ್ತೊಮ್ಮೆ ಆಡಿಸಿದರು, ಸೋತೆ’ ಎಂದಷ್ಟೇ ಹೇಳಿ ಫೋನನ್ನು ಅಪ್ಪನ ಕೈಯಲ್ಲಿಟ್ಟೆ. ಅಪ್ಪ ನನ್ನ ಮುಖ ನೋಡಲಿಲ್ಲ. ಫೋನನ್ನು ಅಂಗಿ ಜೇಬಿಗೆ ಹಾಕಿಕೊಂಡು, ಮತ್ತೆ ಗಿರಣಿ ಚಾಲೂ ಮಾಡಿದ.

ಎಂಟು ದಿನವಾಗಿತ್ತು. ಗಿರಣಿ ಓಡುತ್ತಿದೆ, ಸಾಲಿನಲ್ಲಿ ಹದಿನೈದು ಜನ, ನಾನು ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದೇನೆ. ಅಪ್ಪನ ಜೇಬಿನಲ್ಲಿ ನನ್ನ ಫೋನು ರಿಂಗಾಯಿತು. ಅಪ್ಪ ಎತ್ತಿದ, ಯಾರು ಯಾರು ಎಂದು ಕೂಗಿದ, ಸದ್ದಿನಲ್ಲಿ ಏನೂ ಕೇಳಲಿಲ್ಲ. ಆಮೇಲೆ ನಾನು ಹುಟ್ಟಿದಾಗಿನಿಂದ ನೋಡದ ಕೆಲಸ ಮಾಡಿದ. ಕರೆಂಟ್ ಇರುವಾಗ, ಅರ್ಧ ಕಾಳು ಬಾಯಿಯಲ್ಲಿದ್ದ ಗಿರಣಿಯನ್ನು ನಿಲ್ಲಿಸಿದ. ಸಾಲಿನಲ್ಲಿದ್ದವರು ಗದ್ದಲ ಎಬ್ಬಿಸಿದರು. ಅಪ್ಪ ಕೈಯೆತ್ತಿ ಅವರನ್ನು ಸುಮ್ಮನಿರಿಸಿದ. ಆಗ ಹಿರೇಹಡಗಲಿಯ ಹುಡುಗಿಯ ದನಿ ನನಗೂ ಕೇಳಿಸಿತು.

“ಕಾಕಾರ, ಅಕ್ಕ ಅದಾಳೇನ್ರಿ? ರಾಜ್ಯಮಟ್ಟಕ್ಕ ನಾವು ಇನ್ನೊಬ್ರನ್ನ ಹೆಚ್ಚಿಗಿ ಕರ‍್ಕೊಂಡು ಹೋಗಬೋದಂತ್ರಿ. ನಮ್ಗ ಅಕ್ಕನ ಬೇಕು. ಗೆದ್ದ ಆಟ ತಾನಾಗಿ ವಾಪಸ್ ಕೊಟ್ಟಾಕಿನ್ನ ಬಿಟ್ಟು ನಾವು ಇನ್ಯಾರನ್ನ ಹುಡಕೂನ್ರಿ?”

ಅಪ್ಪ ನನ್ನ ಕಡೆ ತಿರುಗಿ ನೋಡಿದ. “ಕಳಸ್ತೀನವ್ವ” ಎಂದು ಫೋನಿಟ್ಟ. ಪಂಚೆಯ ತುದಿಯಿಂದ ಪರದೆಯ ಮೇಲಿನ ಹಿಟ್ಟು ಒರೆಸಿ, ಫೋನನ್ನು ನನ್ನ ಕೈಗೆ ಕೊಟ್ಟ. “ನನಗ ಯಾಕ ಹೇಳಲಿಲ್ಲ?” ಎಂದಷ್ಟೇ ಕೇಳಿದ. ನಾನು ಆಗ ಎಲ್ಲ ಹೇಳಿದೆ, ಮಾಮ ನಿಲ್ಲಿಸು ಎಂದದ್ದು, ನಾನು ನಿಲ್ಲಿಸದಿದ್ದದ್ದು, ಎಲ್ಲ.

ಅಪ್ಪ ಆ ಹಿಟ್ಟಿನ ಮೈಯಲ್ಲೇ ಮಾಮನ ಮನೆಗೆ ಹೋದ. ಹೋಗಿ ಏನು ಮಾತಾಡಿದನೋ ನನಗೆ ಗೊತ್ತಿಲ್ಲ. ಮರುದಿನ ಮಧ್ಯಾಹ್ನ ಮಾಮನನ್ನೂ ಅತ್ತಿಯನ್ನೂ ಊಟಕ್ಕೆ ಕರೆದುಕೊಂಡು ಬಂದ. ಇಷ್ಟು ವರ್ಷ ಮಾಮ ನಮ್ಮ ಕಟ್ಟೆಯ ಮೇಲೆ ಕೂತಿದ್ದರೇ ಹೊರತು ಹೊಸ್ತಿಲು ದಾಟಿರಲಿಲ್ಲ. ಯಾಕೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅವರು ಯಾವ ಕೇರಿಯವರು, ನಾವು ಯಾವ ಓಣಿಯವರು ಎನ್ನುವುದು ಕೇಳದೆಯೇ ಗೊತ್ತಿತ್ತು. ಅವತ್ತು ನಡುಮನೆಯಲ್ಲಿ ಅಪ್ಪ ಮಾಮನ ಪಕ್ಕಕ್ಕೇ ತಟ್ಟೆ ಹಾಕಿಸಿಕೊಂಡು ಕೂತ. ಅವ್ವ ಹೋಳಿಗೆ ಬಡಿಸಿದಳು. ಮಾಮ ಎರಡು ಉಂಡು ಸಾಕು ಎಂದರೂ ಅಪ್ಪ ಮೂರನೆಯದನ್ನು ತಾನೇ ಎತ್ತಿ ಹಾಕಿದ.

ರಾಜ್ಯಮಟ್ಟದಲ್ಲಿ ನಮ್ಮದು ಮೂರನೆಯ ಸುತ್ತಿಗೆ ಮುಗಿಯಿತು. ನನಗೆ ಆಡಲು ಸಿಕ್ಕಿದ್ದು ಒಂದು ಪಂದ್ಯ, ಅದನ್ನು ಗೆದ್ದೆವು. ಆ ಹುಡುಗಿ ಈಗ ನನಗೆ ಒಡಹುಟ್ಟಿದವಳಂತೆ. ನಾವಿಬ್ಬರೂ ಕೂಡಿ ಈಗ ಐದು ತಾಲೂಕಿನ ಮಕ್ಕಳಿಗೆ ಪಂದ್ಯಾವಳಿ ನಡೆಸುತ್ತೇವೆ. ಎದುರಿನವರು ಇಲ್ಲದಾಗ ಆಟ ನಿಲ್ಲಬೇಕು, ಹೋದವರೇ ಬಂದು ‘ಬಂದೆ’ ಎನ್ನಬೇಕು ಎನ್ನುವುದು ನಮ್ಮಲ್ಲಿ ಮೊದಲ ನಿಯಮ. ಹೊರಗಿನವರು ಇದೇನು ವಿಚಿತ್ರ ಎನ್ನುತ್ತಾರೆ. ನಮ್ಮ ಕಡೆ ಆಡಬೇಕೆಂದರೆ ಹೀಗೇ ಆಡಬೇಕು ಎಂದು ಹೇಳಿ ಕಳಿಸುತ್ತೇನೆ.

ಮಾಮ ತೀರಿಕೊಂಡದ್ದು ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ, ಎದೆನೋವಿನಿಂದ. ನಮ್ಮ ಪಂದ್ಯಾವಳಿಯ ಮೊಬೈಲ್ ಗುಂಪಿಗೆ ನಾನೇ ಬರೆದು ಹಾಕಿದೆ. ಹನ್ನೊಂದು ಗಂಟೆಗೆಲ್ಲ ಹೊಸಹಳ್ಳಿ, ಹಲವಾಗಲು, ಹಿರೇಹಡಗಲಿ ಎಲ್ಲೆಲ್ಲಿಂದಲೋ ಮಕ್ಕಳು ಬಸ್ಸು ಹಿಡಿದು ಬಂದರು. ಅವರಲ್ಲಿ ಅರ್ಧ ಜನ ಮಾಮನ ಮುಖ ನೋಡಿದ್ದು ಅದೇ ಮೊದಲು, ಅಲ್ಲಿಯವರೆಗೆ ಆಟದಲ್ಲಷ್ಟೇ ಪರಿಚಯ. ಅಂಗಳದಲ್ಲಿ ಬುದ್ಧವಂದನೆ ಮುಗಿಯಿತು. ಅವರ ಮಗ ಮತ್ತು ಅಳಿಯ ಚಟ್ಟದ ಮುಂಭಾಗಕ್ಕೆ ಹೆಗಲು ಕೊಡಲು ನಿಂತರು. ಆಗ ಅತ್ತಿ ನನ್ನನ್ನೂ ಹಿರೇಹಡಗಲಿಯವಳನ್ನೂ ಕರೆದಳು. “ಹಿಂದ ನೀವಿಬ್ರೂ ಹಿಡೀರೆವ್ವ. ಅವರು ಮೂರೊತ್ತೂ ನಿಮ್ಮ ಮಾತ ಆಡತಿದ್ರು.”

ನಮ್ಮ ಓಣಿಯ ಹಿರಿಯರೊಬ್ಬರು ಅಪ್ಪನ ತೋಳು ಹಿಡಿದು ಎಳೆದರು. “ಏನಪಾ ಇದು? ಹೆಣ್ಣು ಹುಡುಗಿ, ಅದೂ ನಮ್ಮ ಮನಿ ಹುಡುಗಿ, ಇವರ ಕೇರ‍್ಯಾಗ ಬಂದು…”

ಅಪ್ಪ ತೋಳು ಬಿಡಿಸಿಕೊಂಡ. “ಅಕಿನ್ನ ಹಡದಾಂವ ನಾನು. ತಿದ್ದಿದವರು ಅವರು. ದಾರಿ ಬಿಡ್ರಿ.”

ನಾವಿಬ್ಬರೂ ಹೆಗಲು ಕೊಟ್ಟೆವು. ಕೇರಿ ದಾಟಿ, ನಮ್ಮ ಓಣಿ ದಾಟಿ, ಮುಚ್ಚಿದ ಗಿರಣಿ ದಾಟಿ ಹೊರಟೆವು. ಸ್ಮಶಾನದ ಹತ್ತಿರ ನನ್ನ ಹೆಗಲು ಸೋಲತೊಡಗಿದಾಗ ಹಿಂದಿನಿಂದ ಒಂದು ಕೈ ಬಂದು ಚಟ್ಟದ ಬಿದಿರನ್ನು ಹಿಡಿಯಿತು. ತಿರುಗಿ ನೋಡಿದೆ. ಅಪ್ಪ ಬರಿಗಾಲಲ್ಲಿ ನಿಂತು, “ಸರಿಯವ್ವ, ಇನ್ನು ನಾನು ಹೊರ‍್ತೀನಿ” ಎಂದು ಹೆಗಲು ಕೊಟ್ಟ.